ಲ್ಯಾಪ್‌ಟಾಪ್‌ನಿಂದ ಗುಂಯ್ ಸದ್ದು, ಮೈಕ್‌ನಿಂದ ಶಾಕ್: ಸ್ಟೇಜ್ ಮೇಲೆ ದೋಷ ಹುಡುಕುವ ಬಗೆ

ಸೌಂಡ್‌ಚೆಕ್ ಮುಗಿಯಲು ಹತ್ತು ನಿಮಿಷ ಇದೆ. ನೀವಿನ್ನೂ ಟ್ರ್ಯಾಕ್ ಬಿಟ್ಟಿಲ್ಲ, ಆಗಲೇ ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತಿದೆ. ಮೌಸ್ ಆಡಿಸಿದರೆ ಕಿರಕಿರ. ಪಕ್ಕದಲ್ಲಿ ನಿಂತವರು ಯಾರೋ ಹೇಳುತ್ತಾರೆ, "ಪ್ಲಗ್‌ನ ಅರ್ಥ್ ಪಿನ್ ತೆಗೆದುಬಿಡಿ, ಸರಿಹೋಗುತ್ತೆ." ಸದ್ದು ಹೋಗುವುದು ನಿಜ. ಆದರೆ ಏನಾದರೂ ಕೆಟ್ಟಾಗ ಕರೆಂಟು ನಿಮ್ಮ ಮೈ ಬಿಟ್ಟು ಹರಿದುಹೋಗಲಿ ಎಂದು ಇಟ್ಟ ದಾರಿಯೂ ಅದರ ಜೊತೆಗೇ ಹೋಗುತ್ತದೆ.

1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡ್‌ನ ಗಿಟಾರ್ ವಾದಕ ಲೆಸ್ ಹಾರ್ವೆ ಸ್ಟೇಜ್ ಮೇಲೆ ಮೈಕ್ ಮುಟ್ಟಿ, ಶಾಕ್ ಹೊಡೆದು ತೀರಿಕೊಂಡರು. ಅರ್ಥಿಂಗ್ ಸರಿಯಿರಲಿಲ್ಲ. ಅಂದಿನಿಂದ ಸ್ಟೇಜ್ ಸಾಮಾನು ಎಷ್ಟೋ ಬದಲಾಗಿದೆ. ಕೈಯಲ್ಲಿ ತಂತಿ, ತುಟಿಗೆ ಮೈಕ್ ಇಟ್ಟುಕೊಂಡು ನಿಲ್ಲುವ ನಮ್ಮ ಭಂಗಿ ಮಾತ್ರ ಹಾಗೇ ಇದೆ.

ಕೆಳಗೆ ಬರುವ ಯಾವ ಸದ್ದಿಗೂ ಅರ್ಥ್ ಪಿನ್ ಮುಟ್ಟುವ ಅಗತ್ಯವಿಲ್ಲ. ಪರಿಹಾರ ಆಡಿಯೋ ತಂತಿಯ ಕಡೆ ಸಿಗುತ್ತದೆ. ನಿಮಗೆ ಕಾಣುವ ಲಕ್ಷಣ ಯಾವುದೋ ಅದರಿಂದ ಶುರು ಮಾಡಿ. ಶಾಕ್‌ಗೆ ಸಂಬಂಧಪಟ್ಟದ್ದನ್ನು ಬೇಕೆಂದೇ ಮೊದಲು ಇಟ್ಟಿದ್ದೇನೆ.

## ಲ್ಯಾಪ್‌ಟಾಪ್ ಮೈ ಮುಟ್ಟಿದರೆ ಜುಮ್ ಅನ್ನುತ್ತದೆ

ಲೋಹದ ಮೈಯ ಲ್ಯಾಪ್‌ಟಾಪ್ ಮೇಲೆ ಬೆರಳನ್ನು ಹಗುರವಾಗಿ ಜಾರಿಸಿ ನೋಡಿದರೆ ಕೆಲವೊಮ್ಮೆ ಸಣ್ಣಗೆ ನಡುಗಿದಂತೆ ಆಗುತ್ತದೆ. ಚಾರ್ಜರ್ ತೆಗೆಯಿರಿ. ನಿಂತುಹೋಯಿತಾ? ಹಾಗಾದರೆ ಅದು ಅಡಾಪ್ಟರ್‌ನಿಂದ ಬಂದದ್ದು.

ಎರಡು ಪಿನ್‌ನ ಅಡಾಪ್ಟರ್‌ಗೆ ಅರ್ಥ್ ಇರುವುದಿಲ್ಲ. ಅದರೊಳಗೆ ಮೇನ್ಸ್ (ಸಾಕೆಟ್‌ನಿಂದ ಬರುವ ಕರೆಂಟು) ಕಡೆಯಿಂದ ಔಟ್‌ಪುಟ್ ಕಡೆಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ರೇಡಿಯೋ ತೊಂದರೆ ಕಡಿಮೆ ಮಾಡಲು ಇಟ್ಟದ್ದು ಅದು. ಅದರ ಮೂಲಕ ತೀರಾ ಸ್ವಲ್ಪ ಕರೆಂಟು ಸೋರುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ಮೈ ಮೇನ್ಸ್ ವೋಲ್ಟೇಜಿನ ಅರ್ಧದಷ್ಟು ಎತ್ತರದಲ್ಲಿ ತೇಲುತ್ತಿರುತ್ತದೆ. ವೋಲ್ಟೇಜ್ ಜಾಸ್ತಿ ಅನ್ನಿಸಿದರೂ ಅದರ ಹಿಂದೆ ಬಲ ಇಲ್ಲ. ಒಳ್ಳೆಯ ಅಡಾಪ್ಟರ್‌ನಲ್ಲಿ ಈ ಸೋರಿಕೆ ಒಂದು ಮಿಲಿಆಂಪ್‌ಗಿಂತ ಸಾಕಷ್ಟು ಕಡಿಮೆ.

ಇಲ್ಲಿ ಟೆಸ್ಟರ್ ಇಟ್ಟು ನೋಡಿ ಹೆದರುವವರು ಬಹಳ. ದೀಪ ಹೊತ್ತಿಕೊಳ್ಳುತ್ತದೆ, ನಿಜ. ನಿಯಾನ್ ಟೆಸ್ಟರ್ ಹೊತ್ತಿಕೊಳ್ಳಲು ಇಷ್ಟು ಸೋರಿಕೆಯೇ ಸಾಕು. ಆದ್ದರಿಂದ ಇದು ಬರೀ ಸೋರಿಕೆಯೋ, ಜೀವ ತೆಗೆಯುವ ದೋಷವೋ ಎಂದು ಆ ದೀಪ ಹೇಳಲಾರದು.

ಮಾಡಬೇಕಾದದ್ದು ಇಷ್ಟು. ಅದೇ ಕಂಪನಿಯ ಮೂರು ಪಿನ್‌ನ ಅಡಾಪ್ಟರ್ ಅಥವಾ ಅರ್ಥ್ ಇರುವ ಕೇಬಲ್ ಸಿಗುತ್ತದೆಯೇ ನೋಡಿ. ಅದನ್ನು ಅರ್ಥ್ ಸರಿಯಿರುವ ಸಾಕೆಟ್‌ಗೆ ಹಾಕಿದರೆ ಜುಮ್ ಅನ್ನುವುದು ನಿಲ್ಲುತ್ತದೆ. ನೀವಾಗಿ ಒಂದು ತಂತಿ ತಂದು ಲ್ಯಾಪ್‌ಟಾಪ್‌ನಿಂದ ನಲ್ಲಿ ಪೈಪ್‌ಗೋ ಸ್ಟೇಜ್‌ನ ಕಬ್ಬಿಣಕ್ಕೋ ಕಟ್ಟಬೇಡಿ.

ಜುಮ್ ಅನ್ನುವುದು ಹೋಗಿ ಚುರ್ ಎಂದು ಹೊಡೆದರೆ, ಅಡಾಪ್ಟರ್ ಕೈಯಿಡಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ಅಥವಾ ಅದರ ತಂತಿ ಒಳಗಿನ ತಾಮ್ರ ಕಾಣುವಷ್ಟು ಹರಿದಿದ್ದರೆ ಅದನ್ನು ಇನ್ನು ಬಳಸಲೇಬೇಡಿ. ಬಿಚ್ಚಿ ರಿಪೇರಿ ಮಾಡಲೂ ಹೋಗಬೇಡಿ. ನಕಲಿ ಅಡಾಪ್ಟರ್‌ಗಳ ಮೇಲೆ ನನಗೆ ಒಂದಿಷ್ಟೂ ನಂಬಿಕೆಯಿಲ್ಲ. ಒಳಗಿನ ಆ ಕೆಪಾಸಿಟರ್ ಸುರಕ್ಷತೆಗೆಂದೇ ಮಾಡಿದ್ದು ಆಗಿರಬೇಕು. ಅಲ್ಲಿ ಸಾಮಾನ್ಯ ಕೆಪಾಸಿಟರ್ ಹಾಕಿದ್ದು ಶಾರ್ಟ್ ಆದರೆ ಮೇನ್ಸ್ ನೇರವಾಗಿ ನಿಮ್ಮ ಕೀಬೋರ್ಡಿಗೆ ಬರುತ್ತದೆ.

## ಮೈಕ್‌ಗೆ ತುಟಿ ತಾಗಿದಾಗ ಶಾಕ್

ಹಾಡು ನಿಲ್ಲಿಸಿ. ವಾದ್ಯ ಕೆಳಗಿಡಿ. ಇನ್ನೊಮ್ಮೆ ಮುಟ್ಟಿ ಪರೀಕ್ಷೆ ಮಾಡಬೇಡಿ.

ಇಲ್ಲಿ ಸುಮಾರು ಜನ ತಪ್ಪು ಸಾಮಾನನ್ನು ಬೈಯುತ್ತಾರೆ. ಶಾಕ್ ಮೈಕ್‌ನಿಂದ ಬಂತು ಅನ್ನಿಸುತ್ತದೆ. ಆದರೆ ಶಾಕ್‌ಗೆ ಎರಡು ತುದಿ ಬೇಕು. ಗಿಟಾರ್ ಹಿಡಿದವರನ್ನು ನೆನೆಸಿಕೊಳ್ಳಿ. ಅವರ ಆಂಪ್‌ನ (ಗಿಟಾರ್ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್‌ನ) ಅರ್ಥ್ ಕಡಿದುಹೋಗಿದೆ, ಒಳಗೆ ಎಲ್ಲೋ ಫೇಸ್ ಮೈಗೆ ತಾಗಿದೆ. ಆಂಪ್‌ನ ಮೈಯಿಂದ ಕೇಬಲ್ ಒಳಗೆ ಸುತ್ತ ಹೆಣೆದ ಲೋಹದ ಜಾಲರಿ, ಜಾಲರಿಯಿಂದ ಗಿಟಾರ್ ತಂತಿ: ಅಲ್ಲಿಗೆ ಫೇಸ್ ಬಂದು ಕೂತಿದೆ. ಕೈ ಒಂದೇ ಕಡೆ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ತುಟಿ ಮೈಕ್‌ಗೆ ತಾಗಿತು ಅನ್ನಿ. ಮೈಕ್ ಮಿಕ್ಸರ್ (ಎಲ್ಲ ಸದ್ದನ್ನೂ ಸೇರಿಸಿ ಸ್ಪೀಕರ್‌ಗೆ ಕಳಿಸುವ ಸಾಧನ) ಮೂಲಕ ಚೆನ್ನಾಗಿ ಅರ್ಥ್ ಆಗಿದೆ. ಆಗ ಕರೆಂಟು ಕೈಯಿಂದ ಎದೆ ದಾಟಿ ತುಟಿಗೆ ಹರಿಯುತ್ತದೆ. ಹೊಡೆದದ್ದು ಮೈಕ್ ಅನ್ನಿಸುತ್ತದೆ, ಕೆಟ್ಟದ್ದು ಆಂಪ್. ಮೈಕ್ ಜಾಗದಲ್ಲಿ ಮಿಕ್ಸರ್‌ಗೆ ಸಿಕ್ಕಿಸಿದ ನಿಮ್ಮ ಲ್ಯಾಪ್‌ಟಾಪ್ ಇಟ್ಟರೂ ಕಥೆ ಇದೇ. ಅದಕ್ಕೇ, ಚಾರ್ಜರ್ ತೆಗೆದ ಮೇಲೂ ಲ್ಯಾಪ್‌ಟಾಪ್ ಹೊಡೆಯುತ್ತಿದ್ದರೆ ಲ್ಯಾಪ್‌ಟಾಪ್ ಬಿಟ್ಟು ಬೇರೆ ಕಡೆ ಹುಡುಕಬೇಕು.

ಎಷ್ಟು ಕರೆಂಟು ಅಪಾಯ? ಸುಮಾರು 1 ಮಿಲಿಆಂಪ್‌ಗೆ ಜುಮ್ ಅನ್ನುತ್ತದೆ. 10 ದಾಟುತ್ತಿದ್ದಂತೆ ಕೈ ಬಿಗಿದುಕೊಳ್ಳುತ್ತದೆ, ಹಿಡಿದದ್ದನ್ನು ಬಿಡಲಾಗುವುದಿಲ್ಲ. 50ರಿಂದ 100ರ ನಡುವೆ ಹೃದಯದ ಬಡಿತವೇ ಕೆಡಬಹುದು. ಬೆವರಿದ ಮೈಯ ತಡೆ ಸುಮಾರು 1,000 ಓಮ್‌ಗೆ ಇಳಿದರೆ, 230 ವೋಲ್ಟ್‌ಗೆ 230 ಮಿಲಿಆಂಪ್ ಹರಿಯುತ್ತದೆ. ಸ್ಟೇಜ್ ದೀಪದ ಕೆಳಗೆ ಬೆವರದವರು ಯಾರು?

ಪರೀಕ್ಷೆ ಹೀಗೆ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ, ದೊಡ್ಡ ರೇಂಜ್‌ಗೆ ಇಡಿ. ಒಂದು ಕಡ್ಡಿ ಮೈಕ್‌ನ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ. ಕಡ್ಡಿಯ ಪ್ಲಾಸ್ಟಿಕ್ ಭಾಗ ಮಾತ್ರ ಹಿಡಿಯಿರಿ. ಒಂದೆರಡು ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಹತ್ತಾರು ವೋಲ್ಟ್ ತೋರಿಸಿದರೆ ಕಾರಣ ಸಿಗುವವರೆಗೆ ಯಾರೂ ನುಡಿಸಬಾರದು. ಮೇನ್ಸ್‌ನಷ್ಟೇ ತೋರಿಸಿದರೆ ಸ್ಟೇಜ್‌ನ ಕರೆಂಟು ಪೂರ್ತಿ ಆಫ್ ಮಾಡಿಸಿ ಎಲೆಕ್ಟ್ರಿಷಿಯನ್ ಕರೆಸಿ. ಕೆಲವು ಮೀಟರ್‌ಗಳಲ್ಲಿ ಲೋ ಇಂಪಿಡೆನ್ಸ್ ಎಂಬ ಆಯ್ಕೆ ಇರುತ್ತದೆ, ಅದು ಇದ್ದರೆ ತುಂಬಾ ಉಪಕಾರ. ಬರೀ ಸೋರಿಕೆಯಾದರೆ ಆ ಆಯ್ಕೆಯಲ್ಲಿ ಮೀಟರ್ ತೋರಿಸುವ ಅಂಕಿ ಕುಸಿದುಬಿಡುತ್ತದೆ. ನಿಜವಾದ ದೋಷವಾದರೆ ಕುಸಿಯದೆ ನಿಲ್ಲುತ್ತದೆ.

ಸಾಕೆಟ್ ನೋಡಲು ಮೂರು ದೀಪದ ಸಣ್ಣ ಟೆಸ್ಟರ್ ಪ್ಲಗ್ ಸಿಗುತ್ತದೆ. ಬ್ಯಾಗ್‌ನಲ್ಲಿ ಇಟ್ಟುಕೊಳ್ಳಿ. ಅರ್ಥ್ ಇಲ್ಲದ ಸಾಕೆಟ್ ಅದು ತೋರಿಸಿಕೊಡುತ್ತದೆ. ಆದರೆ ಅದಕ್ಕೂ ಕಾಣದ ಒಂದು ಕೆಟ್ಟ ದೋಷ ಇದೆ. ಯಾರೋ ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ತಂತಿ ಸೇರಿಸಿರುತ್ತಾರೆ, ಜೊತೆಗೆ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿರುತ್ತದೆ. ಆಗ ಅರ್ಥ್ ಪಿನ್‌ನಲ್ಲೇ ಫೇಸ್ ಇರುತ್ತದೆ, ಟೆಸ್ಟರ್ ಮಾತ್ರ ಎಲ್ಲ ಸರಿ ಎನ್ನುತ್ತದೆ. ಮುಟ್ಟದೆ ತೋರಿಸುವ ವೋಲ್ಟೇಜ್ ಪೆನ್ ಅನ್ನು ಆ ಸಾಕೆಟ್‌ಗೆ ಹಾಕಿದ ಆಂಪ್‌ನ ಮೈ ಹತ್ತಿರ ಹಿಡಿದರೆ ಅದು ಕೂಗಿ ಹೇಳುತ್ತದೆ. ಎರಡನ್ನೂ ಬಳಸಿ.

30 ಮಿಲಿಆಂಪ್‌ನ ಆರ್‌ಸಿಡಿ ಇರುವ ಪ್ಲಗ್ ಅಥವಾ ಬಾಕ್ಸ್ ನಿಮ್ಮದೇ ಒಂದು ಇರಲಿ. ಹೊರಟ ಕರೆಂಟು ಪೂರ್ತಿ ವಾಪಸ್ ಬರದಿದ್ದರೆ ಅದು ಕ್ಷಣದಲ್ಲಿ ಕಡಿದುಬಿಡುತ್ತದೆ. ಟೆಸ್ಟ್ ಬಟನ್ ಪ್ರತಿ ಸಲ ಒತ್ತಿ ನೋಡಿ. ಆರ್‌ಸಿಡಿ ಪದೇ ಪದೇ ಬೀಳುತ್ತಿದ್ದರೆ ಅದನ್ನು ತಪ್ಪಿಸಿ ನೇರ ಲೈನ್ ಕೊಡಬೇಡಿ. ಒಂದೊಂದೇ ಸಾಮಾನು ತೆಗೆದು, ಯಾವುದರಿಂದ ಬೀಳುತ್ತಿದೆ ಕಂಡುಹಿಡಿಯಿರಿ. ಇನ್ನು, ಜನರೇಟರ್ ಮೇಲೆ ನಡೆಯುವ ಕಾರ್ಯಕ್ರಮ ಬೇರೆಯೇ ಲೆಕ್ಕ. ಜನರೇಟರ್‌ನ ನ್ಯೂಟ್ರಲ್ ಅದರ ಚೌಕಟ್ಟಿಗೆ ಸೇರಿಲ್ಲದಿದ್ದರೆ ಆರ್‌ಸಿಡಿ ಕೆಲಸ ಮಾಡದೇ ಹೋಗಬಹುದು. ಅದನ್ನು ಎಲೆಕ್ಟ್ರಿಷಿಯನ್ನೇ ನೋಡಬೇಕು.

## ಚಾರ್ಜರ್ ಹಾಕಿದಾಗ ಮಾತ್ರ ಗುಂಯ್ ಅಥವಾ ಕಿರಕಿರ

ಇದೇ ಎಲ್ಲಕ್ಕಿಂತ ಸಾಮಾನ್ಯ. ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಸೌಂಡ್‌ನವರಿಗೆ ಹೇಳಿ ಚಾನೆಲ್ ಮ್ಯೂಟ್ ಮಾಡಿಸಿ, ಚಾರ್ಜರ್ ಕಿತ್ತು, ಮತ್ತೆ ಚಾನೆಲ್ ತೆರೆಯಿರಿ. ಸದ್ದು ಹೋಗಿದ್ದರೆ ಅರ್ಧ ದೋಷ ಸಿಕ್ಕಿದಂತೆಯೇ.

ಸದ್ದಿನ ಬಗೆ ಕೇಳಿಸಿಕೊಳ್ಳಿ. ಒಂದೇ ಸಮನೆ ದಪ್ಪ ದನಿಯಲ್ಲಿ ಬರುವ ಗುಂಯ್ ಮೇನ್ಸ್‌ನದ್ದು. ಅದು 50 ಅಥವಾ 60 ಹರ್ಟ್ಸ್, ಜೊತೆಗೆ ಅದರ ಎರಡರಷ್ಟು, ಮೂರರಷ್ಟು. ಮೌಸ್ ಆಡಿಸಿದಾಗ, ಪುಟ ಸರಿಸಿದಾಗ ಬದಲಾಗುವ ಕೀಂಯ್, ಕಿರಕಿರ ಲ್ಯಾಪ್‌ಟಾಪ್ ಒಳಗಿನದ್ದು. ಪ್ರೊಸೆಸರ್ ಕೆಲಸ ಏರಿಳಿದಂತೆ ಅದು ಎಳೆಯುವ ಕರೆಂಟೂ ಏರಿಳಿಯುತ್ತದೆ. ಮೂರು ಪಿನ್ ಅಡಾಪ್ಟರ್ ಇದ್ದರೆ ಲ್ಯಾಪ್‌ಟಾಪ್ ಅರ್ಥ್ ಆಗಿದೆ, ಮಿಕ್ಸರ್ ಕೂಡ ಅರ್ಥ್ ಆಗಿದೆ, ನಡುವೆ ಆಡಿಯೋ ಕೇಬಲ್‌ನ ಜಾಲರಿ ಎರಡನ್ನೂ ಸೇರಿಸುತ್ತಿದೆ. ಒಂದು ಉಂಗುರ ಆಯಿತು ಅಲ್ವಾ? ಗ್ರೌಂಡ್ ಲೂಪ್ ಎಂದರೆ ಇದೇ. ವಾಪಸ್ ಹೋಗಬೇಕಾದ ಕರೆಂಟಿನ ಒಂದು ಪಾಲು ಆ ಜಾಲರಿಯಲ್ಲಿ ಹರಿಯುತ್ತದೆ. ಮಿಕ್ಸರ್ ಅದನ್ನೂ ಸಂಗೀತ ಎಂದುಕೊಂಡು ದೊಡ್ಡದು ಮಾಡುತ್ತದೆ.

ಈ ಕ್ರಮದಲ್ಲಿ ಹೋಗಿ:

1. ಬ್ಯಾಟರಿ ಮೇಲೆ ನುಡಿಸಿ. ಕಾರ್ಯಕ್ರಮ ಚಿಕ್ಕದಾದರೆ ಇಷ್ಟೇ ಸಾಕು. ಮನೆಯಲ್ಲೇ ಒಮ್ಮೆ ಪೂರ್ತಿ ಪಟ್ಟಿ ನುಡಿಸಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ನೋಡಿಟ್ಟುಕೊಳ್ಳಿ. ಬ್ಯಾಟರಿಯಲ್ಲಿ ಕೆಲವು ಲ್ಯಾಪ್‌ಟಾಪ್‌ಗಳು ವೇಗ ಇಳಿಸಿಕೊಳ್ಳುತ್ತವೆ, ಅದನ್ನು ಸೆಟ್ಟಿಂಗ್‌ನಲ್ಲಿ ಸರಿಮಾಡಿ.

2. ಲ್ಯಾಪ್‌ಟಾಪ್ ಚಾರ್ಜರನ್ನು ಮಿಕ್ಸರ್ ಇರುವ ಲೈನ್‌ಗೇ ಹಾಕಿ. ಎರಡು ದೂರದ ಸಾಕೆಟ್‌ಗಳ ಅರ್ಥ್ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇದ್ದೇ ಇರುತ್ತದೆ. ಹತ್ತಿರ ತಂದರೆ ಅದು ಇಳಿಯುತ್ತದೆ. ದೀಪಗಳಿಗೆ ಬೇರೆ ಲೈನ್ ಇರಲಿ. ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಇನ್ನೊಂದು ಎಕ್ಸ್‌ಟೆನ್ಶನ್ ಬಾಕ್ಸ್ ಸಿಕ್ಕಿಸುತ್ತಾ ಹೋಗಬೇಡಿ.

3. ಲ್ಯಾಪ್‌ಟಾಪ್‌ಗೂ ಮಿಕ್ಸರ್‌ಗೂ ನಡುವೆ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಹಾಕಿ. ನನ್ನ ಅನುಭವದಲ್ಲಿ ನಿಜವಾದ ಮದ್ದು ಇದೇ. ಟ್ರಾನ್ಸ್‌ಫಾರ್ಮರ್ ಇರುವ, ಎರಡು ಚಾನೆಲ್‌ನ ಪ್ಯಾಸಿವ್ (ಕರೆಂಟು ಬೇಡದ) ಡಿಐ ತೆಗೆದುಕೊಳ್ಳಿ. ಅದರೊಳಗೆ ಸದ್ದು ಕಾಂತಕ್ಷೇತ್ರದ ಮೂಲಕ ದಾಟುತ್ತದೆ. ಗ್ರೌಂಡ್ ಲಿಫ್ಟ್ ಒತ್ತಿದರೆ ತಂತಿಯ ಸಂಪರ್ಕವೂ ಇಲ್ಲದೆ ಉಂಗುರ ಕಡಿದುಹೋಗುತ್ತದೆ. ಆಕ್ಟಿವ್ ಡಿಐಗಳಲ್ಲಿ ಎಷ್ಟೋ ಮಾದರಿಗಳಿಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕೊಳ್ಳುವ ಮೊದಲು ಕೇಳಿ.

ಡಿಐ ಮೇಲಿನ ಗ್ರೌಂಡ್ ಲಿಫ್ಟ್ ಬಟನ್‌ಗೂ ಪ್ಲಗ್‌ನ ಅರ್ಥ್ ಪಿನ್ ತೆಗೆಯುವುದಕ್ಕೂ ಹೆಸರಿನಲ್ಲಿ ಹೋಲಿಕೆ ಅಷ್ಟೆ. ಆ ಬಟನ್ ಕಡಿಯುವುದು ಎಕ್ಸ್‌ಎಲ್‌ಆರ್ ಕೇಬಲ್‌ನ (ಮೈಕ್‌ಗೆ ಬಳಸುವ ಮೂರು ಪಿನ್‌ನ ಕೇಬಲ್‌ನ) ಒಂದನೇ ಪಿನ್ನನ್ನು, ಅಂದರೆ ಆಡಿಯೋ ಜಾಲರಿಯನ್ನು. ಮೇನ್ಸ್‌ನ ಅರ್ಥ್ ಅದರದರ ಸಾಮಾನಿನಲ್ಲಿ ಹಾಗೇ ಇರುತ್ತದೆ. ಧೈರ್ಯವಾಗಿ ಒತ್ತಿ. ಮೂರು ಪಿನ್ ಅಡಾಪ್ಟರ್‌ಗೆ ಸಾಮಾನ್ಯವಾಗಿ ಒತ್ತಿದಾಗ ಸದ್ದು ಹೋಗುತ್ತದೆ. ಎರಡು ಪಿನ್‌ನದ್ದಕ್ಕೆ ಕೆಲವೊಮ್ಮೆ ಒತ್ತದೇ ಇದ್ದಾಗ ಚೆನ್ನಾಗಿರುತ್ತದೆ, ಏಕೆಂದರೆ ತೇಲುತ್ತಿರುವ ಲ್ಯಾಪ್‌ಟಾಪ್‌ನ ಸೋರಿಕೆಗೆ ಒಂದು ದಾರಿ ಬೇಕು. ಎರಡೂ ಕಡೆ ಇಟ್ಟು ಕೇಳಿ.

ಡಿಐ ಬದಲು ಸಣ್ಣ ಗ್ರೌಂಡ್ ಲೂಪ್ ಐಸೊಲೇಟರ್ ಕೂಡ ಸಿಗುತ್ತದೆ. ಒಳಗಿರುವುದು ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳೇ. ಅಗ್ಗದ್ದರಲ್ಲಿ ತಳದ ದನಿ ತೆಳುವಾಗುತ್ತದೆ, ಜೋರು ಮಾಡಿದರೆ ಒಡೆಯುತ್ತದೆ. ತುರ್ತಿಗೆ ಇರಲಿ.

4. ಆಡಿಯೋ ಇಂಟರ್‌ಫೇಸ್ (ಯುಎಸ್‌ಬಿಗೆ ಸಿಕ್ಕಿಸುವ, ಲ್ಯಾಪ್‌ಟಾಪ್ ಹೊರಗಿನ ಸೌಂಡ್ ಬಾಕ್ಸ್) ಬಳಸುವವರು ಅದರ ಬ್ಯಾಲೆನ್ಸ್ಡ್ (ಒಂದೇ ದನಿಯನ್ನು ಎರಡು ತಂತಿಯಲ್ಲಿ ಕಳಿಸಿ ಹೊರಗಿನ ಸದ್ದು ಕಳೆಯುವ) ಔಟ್‌ಪುಟ್‌ನಿಂದ ಬ್ಯಾಲೆನ್ಸ್ಡ್ ಕೇಬಲ್‌ನಲ್ಲೇ ಮಿಕ್ಸರ್‌ಗೆ ಹೋಗಿ. ಬರೀ ಕೇಬಲ್ ಬದಲಿಸಿದ್ದಕ್ಕೇ ಸದ್ದು ನಿಂತದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಆಗಲೂ ಉಳಿದರೆ ಯುಎಸ್‌ಬಿ ಐಸೊಲೇಟರ್ ಇದೆ. ಆದರೆ ಎಚ್ಚರ: ಅಗ್ಗದ ಬಹಳಷ್ಟು ಐಸೊಲೇಟರ್‌ಗಳು ಸೆಕೆಂಡಿಗೆ 12 ಮೆಗಾಬಿಟ್‌ಗೆ ನಿಲ್ಲುತ್ತವೆ. ಈಗಿನ ಬಹಳಷ್ಟು ಇಂಟರ್‌ಫೇಸ್‌ಗಳಿಗೆ 480 ಬೇಕಾಗುತ್ತದೆ. ಕೊಂಡು ತಂದ ಮೇಲೆ ಇಂಟರ್‌ಫೇಸ್ ಕಾಣಿಸಲೇ ಇಲ್ಲ ಎಂದು ಆಗಬಾರದು.

## ಚಾರ್ಜರ್ ಕಿತ್ತರೂ ಗುಂಯ್ ಹೋಗುವುದಿಲ್ಲ

ಲ್ಯಾಪ್‌ಟಾಪ್‌ಗೆ ಇನ್ನೇನು ಸಿಕ್ಕಿಸಿದ್ದೀರಿ ನೋಡಿ. ಪ್ರೊಜೆಕ್ಟರ್‌ಗೆ ಹೋಗುವ ಎಚ್‌ಡಿಎಂಐ ಕೇಬಲ್ ತುಂಬಾ ಸಲ ಅಪರಾಧಿ. ಆ ಕೇಬಲ್ ಮೂಲಕ ಪ್ರೊಜೆಕ್ಟರ್‌ನ ಅರ್ಥ್ ಲ್ಯಾಪ್‌ಟಾಪ್‌ಗೆ ಬಂದು ಉಂಗುರ ಮತ್ತೆ ಕೂಡಿಕೊಳ್ಳುತ್ತದೆ. ತನ್ನದೇ ಅಡಾಪ್ಟರ್ ಇರುವ ಹಾರ್ಡ್ ಡಿಸ್ಕ್, ಯುಎಸ್‌ಬಿ ಹಬ್, ಕೀಬೋರ್ಡ್ ಕೂಡ ಹೀಗೇ. ಕೀಬೋರ್ಡ್‌ಗೆ ಹಳೆಯ ಐದು ಪಿನ್‌ನ ಮಿಡಿ ಕೇಬಲ್ (ಯಾವ ಸ್ವರ ಒತ್ತಿದಿರಿ ಎಂಬ ಸಂಕೇತ ಒಯ್ಯುವುದು) ಬಳಸಿದರೆ ಈ ತೊಂದರೆಯೇ ಇಲ್ಲ. ಅದರಲ್ಲಿ ಸಂಕೇತ ಬೆಳಕಿನ ಮೂಲಕ ದಾಟುವಂತೆ ಮಾಡಿದ್ದಾರೆ. ಯುಎಸ್‌ಬಿ ಮಿಡಿಗೆ ಆ ಅನುಕೂಲ ಇಲ್ಲ.

ಎಲ್ಲ ತೆಗೆದ ಮೇಲೂ ಇದ್ದರೆ ಕೇಬಲ್‌ನ ಲ್ಯಾಪ್‌ಟಾಪ್ ತುದಿಯನ್ನು ಕೀಳಿ, ಆ ತುದಿಯನ್ನು ಯಾವುದಕ್ಕೂ ತಾಗದಂತೆ ಹಿಡಿಯಿರಿ. ಆಗಲೂ ಜೋರಾಗಿ ಗುಂಯ್ ಅಂದರೆ ಕೇಬಲ್‌ನ ಜಾಲರಿ ಕಡಿದಿರಬಹುದು ಅಥವಾ ಮಿಕ್ಸರ್ ಚಾನೆಲ್ ಕೆಟ್ಟಿರಬಹುದು. ಬೇರೆ ಕೇಬಲ್, ಆಮೇಲೆ ಬೇರೆ ಚಾನೆಲ್. ಕರೆಂಟ್ ವೈರಿನ ಪಕ್ಕದಲ್ಲೇ ಆಡಿಯೋ ಕೇಬಲ್ ಎಳೆದಿದ್ದರೆ ದೂರ ಸರಿಸಿ. ದಾಟಲೇಬೇಕಾದರೆ ನೇರ ಅಡ್ಡಕ್ಕೆ ದಾಟಿಸಿ.

ಗಿಟಾರ್‌ನಿಂದ ಮಾತ್ರ ಬರುತ್ತಿದ್ದು, ನೀವು ನಿಂತ ದಿಕ್ಕು ತಿರುಗಿದಾಗ ಏರಿಳಿಯುತ್ತಿದ್ದರೆ ಅದು ಪಿಕಪ್ (ಗಿಟಾರ್ ತಂತಿಗಳ ಕೆಳಗಿನ ಕಾಂತದ ಸುರುಳಿ) ಹಿಡಿಯುತ್ತಿರುವ ಸದ್ದು. ಅಡಾಪ್ಟರ್‌ನಿಂದ, ಡಿಮ್ಮರ್ ದೀಪಗಳಿಂದ ಎರಡು ಹೆಜ್ಜೆ ದೂರ ನಿಲ್ಲಿ.

## ಹಾಡಿನಲ್ಲಿ ಗಾಯನವೇ ಮಾಯ, ಉಳಿದದ್ದು ಟೊಳ್ಳು

ಹೆಡ್‌ಫೋನ್ ತೂತಿನಿಂದ ಒಂದು ಸ್ಟೀರಿಯೊ ಕೇಬಲ್ ತಂದು ಮಿಕ್ಸರ್‌ನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಿದ್ದೀರಿ. ಬ್ಯಾಲೆನ್ಸ್ಡ್ ಇನ್‌ಪುಟ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಎಡದಿಂದ ಬಲ ಕಳೆದಾಗ ಎರಡರಲ್ಲೂ ಸಮನಾಗಿರುವ ದನಿ, ಅಂದರೆ ನಡುವಿನ ಗಾಯನ, ಸೊನ್ನೆಯಾಗುತ್ತದೆ. ಒಂದು ತುದಿ ಸ್ಟೀರಿಯೊ, ಇನ್ನೊಂದು ತುದಿಯಲ್ಲಿ ಎರಡು ಮೋನೊ ಜಾಕ್ ಇರುವ ವೈ ಕೇಬಲ್ ತಂದು ಎರಡು ಚಾನೆಲ್‌ಗೆ ಹಾಕಿ. ಮೈಕ್ ಇನ್‌ಪುಟ್‌ಗೆ ಎಕ್ಸ್‌ಎಲ್‌ಆರ್ ಮೂಲಕ ನೇರ ಹಾಕುತ್ತಿದ್ದರೆ ಆ ಚಾನೆಲ್‌ನ 48 ವೋಲ್ಟ್ ಫ್ಯಾಂಟಮ್ (ಕೆಲವು ಮೈಕ್‌ಗಳಿಗೆ ಮಿಕ್ಸರ್ ಕೊಡುವ ಕರೆಂಟು) ಆಫ್ ಇದೆಯೇ ಖಚಿತ ಮಾಡಿಕೊಳ್ಳಿ. ಲ್ಯಾಪ್‌ಟಾಪ್‌ನ ಔಟ್‌ಪುಟ್ ಸುಟ್ಟುಹೋಗಬಹುದು.

## ಒಂದೇ ಸಮನೆ ಶ್ ಎನ್ನುವ ಸದ್ದು

ಲ್ಯಾಪ್‌ಟಾಪ್ ದನಿ ಸಣ್ಣದಿಟ್ಟು ಮಿಕ್ಸರ್‌ನಲ್ಲಿ ಗೇನ್ (ಬಂದ ದನಿಯನ್ನು ಎಷ್ಟು ದೊಡ್ಡದು ಮಾಡಬೇಕೆಂಬ ಗುಂಡಿ) ಏರಿಸಿದ್ದೀರಿ. ಇದನ್ನು ಉಲ್ಟಾ ಮಾಡಿ. ಲ್ಯಾಪ್‌ಟಾಪ್ 80–90 ಶೇಕಡಾ, ಗೇನ್ ಕಡಿಮೆ. ಲೈನ್ ಇನ್‌ಪುಟ್ ಇದ್ದರೆ ಅದನ್ನೇ ಬಳಸಿ.

## ಪಟಪಟ ಸದ್ದು, ಹಾಡು ಕಡಿದು ಕಡಿದು ಬರುತ್ತದೆ

ಇದು ಕರೆಂಟಿನ ದೋಷ ಅಲ್ಲ. ಲ್ಯಾಪ್‌ಟಾಪ್ ಸಮಯಕ್ಕೆ ಸರಿಯಾಗಿ ಸದ್ದು ಒದಗಿಸುತ್ತಿಲ್ಲ. ಗುರುತಿಸುವುದು ಸುಲಭ: ಹಾಡು ನಿಲ್ಲಿಸಿದರೆ ಪಟಪಟವೂ ನಿಲ್ಲುತ್ತದೆ. ಬಫರ್ (ಲ್ಯಾಪ್‌ಟಾಪ್ ಮುಂಚಿತವಾಗಿ ಕೂಡಿಟ್ಟುಕೊಳ್ಳುವ ಸದ್ದಿನ ಪ್ರಮಾಣ) ಜಾಸ್ತಿ ಮಾಡಿ. 48,000 ಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಅಂದರೆ ಸುಮಾರು 2.7 ಮಿಲಿಸೆಕೆಂಡ್, 512 ಅಂದರೆ 10.7. ಬರೀ ಟ್ರ್ಯಾಕ್ ಬಿಡುವವರಿಗೆ 512, 1024 ಏನೂ ತೊಂದರೆಯಿಲ್ಲ. ಕೀಬೋರ್ಡ್ ನುಡಿಸುವವರಿಗೆ ಮಾತ್ರ ಬೆರಳಿಗೂ ಕಿವಿಗೂ ನಡುವೆ ಎಳೆದಂತೆ ಅನ್ನಿಸಬಹುದು. ವೈಫೈ, ಬ್ಲೂಟೂತ್ ಆಫ್ ಮಾಡಿ, ಅಪ್‌ಡೇಟ್ ನಿಲ್ಲಿಸಿ, ಲ್ಯಾಪ್‌ಟಾಪ್ ಕೆಳಗೆ ಗಾಳಿ ಆಡುವಂತೆ ಇಡಿ. ಬಿಸಿಯಾದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಸುಮ್ನೆ ಇದ್ದಾಗಲೂ ಪಟ್ ಪಟ್ ಎಂದು, ಕೇಬಲ್ ಅಲುಗಿಸಿದರೆ ಜಾಸ್ತಿಯಾದರೆ ಜಾಕ್ ಸಡಿಲ. ಕೇಬಲ್ ಬದಲಿಸಿ. ಆಗಲೂ ನಿಲ್ಲದಿದ್ದರೆ ತೂತೇ ಸವೆದಿದೆ, ಇಂಟರ್‌ಫೇಸ್ ಕೊಳ್ಳುವ ಹೊತ್ತು ಬಂದಿದೆ.

## ಸಣ್ಣ ಸೀಟಿಯಂಥ ದನಿ, ಅಥವಾ ಡಿಡಿಡಿಟ್ ಡಿಡಿಟ್

ಏರಿಳಿಯದ ಸಣ್ಣ ಸೀಟಿ ಯುಎಸ್‌ಬಿಯದ್ದು ಇರಬಹುದು. ಯುಎಸ್‌ಬಿ ಮಾಹಿತಿಯನ್ನು ಸೆಕೆಂಡಿಗೆ 1,000 ಅಥವಾ 8,000 ಸಲ ಕಂತು ಕಂತಾಗಿ ಕಳಿಸುತ್ತದೆ. ಆ ತಾಳವೇ 1 ಅಥವಾ 8 ಕಿಲೋಹರ್ಟ್ಸ್‌ನ ದನಿಯಾಗಿ ಕೇಳುತ್ತದೆ. ಬೇರೆ ತೂತು, ಚಿಕ್ಕ ಕೇಬಲ್, ಸ್ವಂತ ಪವರ್ ಇರುವ ಹಬ್, ಈ ಸಾಲಿನಲ್ಲಿ ಪ್ರಯತ್ನಿಸಿ. ಡಿಡಿಡಿಟ್ ಎಂದು ಬಿಟ್ಟು ಬಿಟ್ಟು ಬರುವುದು ಹತ್ತಿರದ ಮೊಬೈಲ್. ಏರೋಪ್ಲೇನ್ ಮೋಡ್‌ಗೆ ಹಾಕಿ ಅಥವಾ ಮಿಕ್ಸರ್‌ನಿಂದ ದೂರ ಇಡಿ.

## ಇಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ಕರೆಯಿರಿ

ಸಾಕೆಟ್‌ನಲ್ಲಿ ಅರ್ಥ್ ಇಲ್ಲವೆಂದು ಟೆಸ್ಟರ್ ಹೇಳಿದಾಗ. ಎರಡು ಸಾಮಾನಿನ ನಡುವೆ ಹತ್ತಾರು ವೋಲ್ಟ್ ಕಂಡಾಗ. ಪ್ಲಗ್ ಕರಗಿದ್ದಾಗ, ಆರ್‌ಸಿಡಿ ಆನ್ ಆಗಿ ನಿಲ್ಲದಿದ್ದಾಗ, ಸ್ಟೇಜ್ ಒದ್ದೆಯಾದಾಗ. ಇವು ಯಾವುವೂ ಸಂಗೀತಗಾರರು ಬಗೆಹರಿಸುವ ಕೆಲಸ ಅಲ್ಲ. ವೈರ್ ಬಿಚ್ಚಬೇಡಿ. "ಅರ್ಥ್ ಸರಿಯಾಗುವವರೆಗೆ ನುಡಿಸುವುದಿಲ್ಲ" ಎಂದು ಕಾರ್ಯಕ್ರಮದವರಿಗೆ ನೇರವಾಗಿ ಹೇಳಿ. ನಾನೂ ಹಾಗೆ ಹೇಳಿ ಅರ್ಧ ಗಂಟೆ ತಡವಾಗಿ ಶುರುಮಾಡಿದ್ದೇನೆ. ಕೇಳುಗರು ಕಾದರು.

ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಮೇನ್ ಆಫ್ ಮಾಡಿ ಅಥವಾ ಪ್ಲಗ್ ಕೀಳಿ. ಅದಕ್ಕೆ ದಾರಿಯಿಲ್ಲದಿದ್ದರೆ ಒಣ ಮರದ ಕೋಲಿನಿಂದ ತಂತಿಯನ್ನು ಅವರಿಂದ ದೂರ ತಳ್ಳಿ. ಉಸಿರು, ನಾಡಿ ಇಲ್ಲದಿದ್ದರೆ ಒಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಗಟ್ಟಿಯಾಗಿ ಒತ್ತುತ್ತಿರಲಿ, ಸಹಾಯ ಬರುವವರೆಗೆ. ಎದ್ದು ಕೂತು "ಏನೂ ಆಗಿಲ್ಲ" ಎಂದರೂ ಅದೇ ದಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ.